ಡಬ್ಬಿ ಹಾಡಿದ್ರ ನಾ ಯಾಕ ಹಾಡ್ಲಿ?

ಬಸ್ಸಲ್ಲೋ, ಹಾಸ್ಟೆಲ್ ರೂಮಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ ರಾಯಚೂರಿಂದ ಸ್ವಾಗತ. ಇವತ್ತಿನ ಮಾತು ಚರ್ಚಿನ ಹಾಡಿನ ಬಗ್ಗೆ. ಚರ್ಚಿಗೆ ಹೋಗದವರೂ ಸ್ಕಿಪ್ ಮಾಡಬೇಡಿ, ನಿಮ್ಮೂರಿನ ಭಜನೆದೂ ಇದೇ ಕಥೆ ಇರಬಹುದು.

ಮೊದಲು ನನ್ನ ತಪ್ಪು ಒಪ್ಕೋತೀನಿ. ನಾನು ಬಿ.ಕಾಂ. ಓದಿದವನು, ಖರ್ಚು ಉಳಿಸೋದು ಚಟ. ನಮ್ಮ ಚರ್ಚಲ್ಲಿ ಕೀಬೋರ್ಡ್ ನುಡಿಸ್ತಿದ್ದ ಅಣ್ಣ ಕೆಲಸಕ್ಕಂತ ಬೆಂಗಳೂರಿಗೆ ಹೋದ್ರು. ಬೇರೆಯವರನ್ನ ಹುಡುಕೋ ಬದಲು ನಾನೇ ಹೇಳಿದೆ, "ಮೊಬೈಲಿನಾಗ ಟ್ರ್ಯಾಕ್ ಹಾಕೋಣು, ಬ್ಲೂಟೂತ್ ಸ್ಪೀಕರಿಗೆ ಕೊಡೋಣು, ರೂಪಾಯಿ ಖರ್ಚಿಲ್ಲ." ಎಲ್ಲರೂ ಒಪ್ಪಿದ್ರು. ಭಾನುವಾರದ ಬಲಿಪೂಜೆ ಸ್ಟುಡಿಯೋ ಥರ ಕೇಳಿಸ್ತು.

ಎರಡು ತಿಂಗಳಾದ ಮೇಲೆ ಗಮನಿಸಿದೆ. ಹಾಡ್ತಿದ್ದೋರು ಕ್ವಾಯರಿನ ಐದು ಜನ ಮಾತ್ರ. ಪುಸ್ತಕ ನೋಡದೇ ಎಲ್ಲಾ ಹಾಡೂ ಹೇಳ್ತಿದ್ದ ನಮ್ಮಜ್ಜಿ ಕೂಡ ಸುಮ್ನೆ ಕೂತಿದ್ಲು. ಯಾಕಂತ ಕೇಳಿದೆ. "ಡಬ್ಬಿ ಹಾಡಾಕತ್ತೈತಲ್ಲೋ ತಮ್ಮಾ, ನಾ ಯಾಕ ಬಾಯಿ ತೆಗೀಲಿ?" ಅಂದ್ಲು.

ಅಜ್ಜಿಯ ತವರು ಮುದಗಲ್. ಆದಿಲ್‌ಶಾಹಿಗಳ ಕಾಲದಿಂದಲೂ ಕ್ಯಾಥೊಲಿಕರು ಇರೋ ಊರದು. ಆಕೆ ಸಣ್ಣಾಕಿ ಇದ್ದಾಗ ಪೂಜೆ ಲ್ಯಾಟಿನ್‌ನಲ್ಲಿ ನಡೀತಿತ್ತು. ಅರ್ಥ ಗೊತ್ತಿರಲಿಲ್ಲ, ಆದ್ರೂ ಕೀರಿಯೆ ರಾಗ ಇವತ್ತಿಗೂ ಗುನುಗ್ತಾಳೆ. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನಾ ವಿಧಿಯ ಬಗ್ಗೆ ಒಂದು ದಾಖಲೆ ಹೊರಡಿಸ್ತು. ಜನರ ಭಾಷೆಗೆ ಬಾಗಿಲು ತೆರೆದದ್ದು ಅದೇ. ಹಾಗಂತ ಹಳೇದನ್ನ ಅದು ಬಿಸಾಕಲಿಲ್ಲ. ಗ್ರೆಗೋರಿಯನ್ ಗಾಯನಕ್ಕೆ ಮೊದಲ ಮಣೆ ಉಳಿಸಿತು, ಆಯಾ ನಾಡಿನ ಸಂಗೀತಕ್ಕೂ ಜಾಗ ಕೊಡಿ ಅಂತು. ಜನ ಪೂಜೆ ನೋಡ್ತಾ ಕೂರಬಾರದು, ಪಾಲ್ಗೊಳ್ಳಬೇಕು ಅಂತ ಒತ್ತಿ ಹೇಳ್ತು. ಅದಕ್ಕೂ ಮೊದಲು, 1958ರ ಸೆಪ್ಟೆಂಬರ್ 3ರ ರೋಮ್ ಸೂಚನೆಯಲ್ಲಿ ಗ್ರಾಮಫೋನ್, ರೇಡಿಯೋ ಥರದ ಯಂತ್ರಗಳನ್ನ ಪೂಜೆಯಲ್ಲಿ ಬಳಸಲೇಬಾರದು ಅಂತಿತ್ತು. ನನ್ನ ಸ್ಪೀಕರ್ ಅದೇ ಗ್ರಾಮಫೋನಿನ ಮೊಮ್ಮಗ!

ನಿಯಮ ಬಿಡ್ರಿ, ಅನುಕೂಲದ ಲೆಕ್ಕಾನೇ ನೋಡ್ರಿ. ಟ್ರ್ಯಾಕಿನ ಶ್ರುತಿ ಅದನ್ನ ಹಾಡಿದ ಗಾಯಕಿಗೆ ಸರಿಹೊಂದೋದು, ಅರವತ್ತು ದಾಟಿದವರ ಗಂಟಲಿಗೆ ಎಟುಕಲ್ಲ. ಅದು ಯಾರಿಗೂ ಕಾಯಲ್ಲ. ಪರಮಪ್ರಸಾದದ ಸಾಲು ಮುಗಿದ್ರೂ ಹಾಡು ಮುಗಿಯಲ್ಲ, ಗುರುಗಳು ಕಾಯ್ತಾ ಕೂರ್ತಾರೆ. ಬಾಯಿಂದ ಹಾಡೋರಾದ್ರೆ ಒಂದು ಚರಣಕ್ಕೇ ನಿಲ್ಲಿಸಬಹುದು.

ನಮ್ಮ ಸೀಮೆಗೆ ಇದು ಗೊತ್ತಿಲ್ಲದ ವಿದ್ಯೆ ಏನಲ್ಲ. ಜಗನ್ನಾಥದಾಸರು ಮಾನ್ವಿಯವರು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ದಾಸರ ಪದಕ್ಕೆ ತಂಬೂರಿ, ತಾಳ ಇದ್ರೆ ಸಾಕು. ಒಬ್ರು ಎತ್ತಿಕೊಡೋದು, ಉಳಿದೋರು ಹಿಡಿಯೋದು. ಪೂಜೆಯಲ್ಲಿ ಮೊದಲ ವಾಚನ ಆದ್ಮೇಲೆ ಬರೋ ಕೀರ್ತನೆಯೂ ಹಾಗೇ, ಚರಣ ಒಬ್ಬರದು, ಪಲ್ಲವಿ ಎಲ್ಲರದು.

ತಪಸ್ಸುಕಾಲ ಬಂತು. ಆ ದಿನಗಳಲ್ಲಿ ವಾದ್ಯ ಇದ್ರೆ ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕು ಅನ್ನೋದು ಚರ್ಚಿನ ನಿಯಮ. ಅದನ್ನೇ ನೆಪ ಮಾಡ್ಕೊಂಡು, ಗುರುಗಳನ್ನ ಕೇಳಿ, ಸ್ಪೀಕರ್ ಆಫ್ ಮಾಡಿದ್ವಿ. ಮೊದಲ ವಾರ ಮರ್ಯಾದೆ ಹೋಯ್ತು. ನಾನು ಶ್ರುತಿ ಮೇಲೆ ಹಿಡಿದೆ, ಎರಡನೇ ಚರಣಕ್ಕೆ ಎಲ್ಲರೂ ಕೈಬಿಟ್ರು. ಮನೇಲಿ ಅಜ್ಜಿ, "ಕೆಳಗ ಹಿಡಿಯೋ, ನಿನ್ನ ಕೂಡ ನಾವೂ ಬರಬೇಕಲ್ಲ" ಅಂದ್ಲು. ಮುಂದಿನ ಭಾನುವಾರ ಆಕೆಯ ಶ್ರುತಿಗೇ ಹಿಡಿದ್ವಿ. ಮೊದಲು ಹೆಣ್ಮಕ್ಕಳ ದನಿ ಸೇರ್ತು, ಆಮೇಲೆ ಹಿಂದೆ ಗೋಡೆಗೆ ಆನಿಕೊಂಡು ನಿಂತ ಗಂಡಸರದು. ಅಪಸ್ವರ ಬೇಕಾದಷ್ಟಿತ್ತು. ಆದ್ರೆ ಇಡೀ ಚರ್ಚು ಹಾಡ್ತಿತ್ತು.

ಎಲ್ಲಾ ಚೆನ್ನಾಗೇ ಆಯ್ತು ಅಂತ ಹೇಳಲ್ಲ. "ಬೋರ್ ಆಗ್ತದ" ಅಂತ ಕ್ವಾಯರಿನ ಇಬ್ಬರು ಹುಡುಗರು ಬಿಟ್ಟುಹೋದ್ರು. ಅವರನ್ನ ಹೆಂಗ ಕರ್ಕೊಂಡು ಬರೋದು ಅಂತ ಇನ್ನೂ ಯೋಚಿಸ್ತಿದ್ದೀನಿ.

ಅಜ್ಜಿಗೆ ಗೊತ್ತಿರೋ ಎಷ್ಟೋ ಹಾಡು ನಮ್ಮ ಪುಸ್ತಕದಲ್ಲಿಲ್ಲ. ಈಗ ದಿನಾ ಸಂಜೆ ಜಪಸರ ಆದ್ಮೇಲೆ ಒಂದೊಂದು ಕಲೀತಿದ್ದೀನಿ. ನಿಮ್ಮನೇಲೂ ಅಂಥವರು ಯಾರಾದ್ರೂ ಇದ್ರೆ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ರಿ, ತಪ್ಪಿಲ್ಲ. ಆದ್ರೆ ಅಷ್ಟಕ್ಕೇ ಬಿಡಬೇಡ್ರಿ, ಪಕ್ಕದಲ್ಲಿ ಕೂತು ಒಂದು ಹಾಡನ್ನಾದ್ರೂ ಬಾಯಿಪಾಠ ಮಾಡ್ರಿ. ಮುಂದಿನ ವಾರ ಸಿಗೋಣು. ಬರ್ತೀನ್ರಿ.