ಬೇನೆಗೆ ಹೆಸರು ಬರುವ ಮುನ್ನ

ಬೇನೆ ಜೋರಾಯಿತೆಂದರೆ ತೆಲಂಗಾಣದ ಗಡಿಸೀಮೆಯ ಮಕ್ತಲ್ ಕಡೆಯವರು ಕೃಷ್ಣೆ ದಾಟಿ ರಾಯಚೂರಿಗೆ ಓಡುತ್ತಾರೆ, ಗದ್ವಾಲದವರು ಕರ್ನೂಲಿಗೆ. ಊರ ಡಾಕ್ಟರರಿಗೆ ಎಲ್ಲವೂ ಸ್ವಲ್ಪ ಸ್ವಲ್ಪ ಗೊತ್ತು, ಯಾವುದೂ ಪೂರ್ತಿ ಗೊತ್ತಿಲ್ಲ ಎಂಬ ಭಾವನೆ ಆ ಓಟದ ಹಿಂದಿದೆ. ಅವರ ಪರಿಣತಿ ಕಡಿಮೆಯದಲ್ಲ, ಬೇರೆಯದು. ತಜ್ಞರ ಬಾಗಿಲು ಮುಟ್ಟುವ ಹೊತ್ತಿಗೆ ಬೇನೆಗೆ ಸಾಮಾನ್ಯವಾಗಿ ಒಂದು ಹೆಸರು ಬಂದಿರುತ್ತದೆ. ಊರ ಡಾಕ್ಟರರ ಮುಂದೆ ಕೂತವರು ಹೇಳುವುದು ‘ಯಾಕೋ ಸುಸ್ತು, ತಲಿ ತಿರುಗ್ತದ’ ಎಂದಷ್ಟೇ. 1961ರಲ್ಲಿ ಅಮೆರಿಕದ ಕೆರ್ ವೈಟ್ ಮತ್ತು ಸಂಗಡಿಗರು ಒಂದು ಲೆಕ್ಕ ಕೊಟ್ಟರು: ತಿಂಗಳೊಂದರಲ್ಲಿ 1000 ವಯಸ್ಕರ ಪೈಕಿ 750 ಮಂದಿಗೆ ಏನಾದರೊಂದು ತೊಂದರೆ, ಡಾಕ್ಟರರ ಬಳಿ ಹೋಗುವವರು 250, ಆಸ್ಪತ್ರೆ ಸೇರುವವರು 9, ದೊಡ್ಡ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮುಟ್ಟುವವರು ಒಬ್ಬರೇ. ವೈದ್ಯ ವಿದ್ಯಾರ್ಥಿಗಳು ಬಹುಪಾಲು ಕಲಿಯುವುದು ಆ ಒಬ್ಬರನ್ನು ನೋಡಿ! ಉಳಿದವರಲ್ಲಿ ಯಾರಿಗೆ ನಾಲ್ಕು ದಿನ ಕಾದು ನೋಡಬಹುದು, ಯಾರನ್ನು ಈಗಲೇ ಗಾಡಿ ಹತ್ತಿಸಬೇಕು ಎಂದು ತೂಗುವುದೇ ಕುಟುಂಬ ವೈದ್ಯರ ವಿದ್ಯೆ.

ಕೈ ನಡುಗಿ, ಕತ್ತು ತಿರುಚಿಕೊಂಡು, ಏನೇನೋ ಬಡಬಡಿಸುತ್ತ ಬಂದವರನ್ನು ಕಂಡು ಹೊರಗಿನ ಡಾಕ್ಟರರು ಮೊದಲು ಮೆದುಳಿನ ಸ್ಕ್ಯಾನ್ ಬರೆದುಕೊಟ್ಟಾರು. ಈ ಸೀಮೆ ಬಲ್ಲವರು ‘ಸೇಂದಿ ಬಿಟ್ಟು ಎಷ್ಟು ದಿನ ಆಯ್ತು?’ ಎಂದು ಕೇಳುತ್ತಾರೆ. ಕಲಬೆರಕೆ ಸೇಂದಿಗೆ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಜೊತೆಗೆ ನಿದ್ದೆ ಮಾತ್ರೆಯ ಪುಡಿ ಬೆರೆಸುತ್ತಾರೆ. ಅದು ತಟ್ಟನೆ ನಿಂತರೆ ಮೈಮನಸ್ಸು ಹೀಗೆ ಹದಗೆಡುತ್ತದೆ. 2015ರಲ್ಲಿ ಅಂದಿನ ಮಹಬೂಬ್‌ನಗರ ಜಿಲ್ಲೆಯಲ್ಲಿ ಕಲಬೆರಕೆಗೆ ಕಡಿವಾಣ ಬಿದ್ದಾಗ ಆಸ್ಪತ್ರೆಗಳು ಇಂಥವರನ್ನೇ ಕಂಡವು. ಹಾಗಾದರೆ ಮನೆಮನೆಯನ್ನೂ ಬಲ್ಲ ಆರ್‌ಎಂಪಿಗಳೇ, ಅಂದರೆ ವೈದ್ಯ ಪದವಿಯಿಲ್ಲದೆ ಊರಲ್ಲಿ ಮದ್ದು ಕೊಡುವವರೇ, ಸಾಕಲ್ಲ ಎನ್ನಬಹುದು. ಸಾಲದು. ಯಾವ ಜ್ವರಕ್ಕೆ ಸೂಜಿ ಬೇಡ ಎಂದು ಹೇಳಲು ಓದು ಬೇಕು. ಬೇಡ ಎಂದ ಮೇಲೆ ಹೊಣೆ ಹೊರುವ ಧೈರ್ಯವೂ ಬೇಕು.

ಅಪರೂಪದ ರೋಗ ಕುಟುಂಬ ವೈದ್ಯರ ಕಣ್ತಪ್ಪುವುದುಂಟು, ಅಲ್ಲಗಳೆಯಲಾಗದು. ಆದರೂ ನಾರ್ವೆಯ ದೇಶವ್ಯಾಪಿ ದಾಖಲೆಗಳ ಅಧ್ಯಯನವೊಂದರಲ್ಲಿ, ಒಬ್ಬರೇ ವೈದ್ಯರ ಬಳಿ 15 ವರ್ಷಕ್ಕೂ ಹೆಚ್ಚು ಕಾಲ ಇದ್ದವರಿಗೆ, ಒಂದೇ ವರ್ಷದ ಪರಿಚಯದವರಿಗಿಂತ ಸಾವಿನ ಸಂಭವ ಸುಮಾರು ಕಾಲುಭಾಗ ಕಡಿಮೆಯಿತ್ತು. ಗಟ್ಟಿಮುಟ್ಟಾದವರೇ ಒಬ್ಬ ಡಾಕ್ಟರರಿಗೆ ಅಂಟಿಕೊಂಡಿದ್ದರೇನೋ ಎಂಬ ಅನುಮಾನಕ್ಕೆ ಎಡೆಯಿದೆ. ಆದರೆ ಪರಿಚಯ ಹಳೆಯದಾದಷ್ಟೂ ಲಾಭವೂ ಹೆಚ್ಚಿದ್ದು ಕಂಡಾಗ ಆ ಅನುಮಾನ ತಗ್ಗುತ್ತದೆ. 2024ರಲ್ಲಿ ಗದ್ವಾಲ, ನಾರಾಯಣಪೇಟೆಗಳಿಗೆ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಬಂದಿವೆ. ಅಲ್ಲಿ ಓದುವವರನ್ನು ಕೆಲವು ತಿಂಗಳಾದರೂ ಮಾಗನೂರು, ಕೃಷ್ಣಾ ಮಂಡಲಗಳ ಹಳ್ಳಿಗಳಲ್ಲಿ ಕೂರಿಸಿ, ಕನ್ನಡ ತೆಲುಗು ಬೆರೆತ ಆ ಹೆಸರಿಲ್ಲದ ಬೇನೆಗಳನ್ನು ಕೇಳಿಸಬೇಕು. ಪರೀಕ್ಷೆಯಲ್ಲಿ ಅದಕ್ಕೂ ಅಂಕ ಇಡಬೇಕು.