ಚುಕ್ಕೆಜಿಂಕೆಯ ಬೇಟೆಯೂ ತೋಟಾದ ಆಯ್ಕೆಯೂ



ಮೈಸೂರಿನಿಂದ ಗುಂಡ್ಲುಪೇಟೆಯ ಮಾರ್ಗವಾಗಿ ಉದಕಮಂಡಲಕ್ಕೆ ಪ್ರಯಾಣಮಾಡಿದವರಲ್ಲಿ ಚುಕ್ಕೆಜಿಂಕೆಯನ್ನು ಕಾಣದವರು ವಿರಳ. ಬಂಡೀಪುರದ ಹುಲ್ಲುಬಯಲಿನಲ್ಲಿ ಹಿಂಡುಹಿಂಡಾಗಿ ಮೇಯುತ್ತ, ಮೋಟಾರಿನ ಸದ್ದಿಗೆ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಮೇವಿಗೆ ಬಾಯಿಹಚ್ಚುವ ಈ ಮೃಗವನ್ನು ನಮ್ಮಲ್ಲಿ ಕೆಲವರು ಸಾರಗವೆಂದೂ, ಉತ್ತರದೇಶದವರು ಚೀತಲವೆಂದೂ, ಪಾಶ್ಚಾತ್ಯರು ಆಕ್ಸಿಸ್ ಎಂದೂ ಕರೆಯುವರು. ಇಂಥ ಸಾಧುಪ್ರಾಣಿಯ ಬೇಟೆಯನ್ನು ಕುರಿತು ನಾವು ಮಾತನಾಡಹೊರಟಿರುವುದನ್ನು ಕೇಳಿ ತಮ್ಮಲ್ಲಿ ಹಲವರು ಹುಬ್ಬು ಗಂಟಿಕ್ಕಬಹುದು. ಅದು ನ್ಯಾಯವೇ ಸರಿ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ಬೇಟೆಗೆ ಕಡಿವಾಣ ಹಾಕಿತು; ೧೯೯೧ರ ತಿದ್ದುಪಡಿಯು ಪರವಾನಗಿ ಪಡೆದು ಮಾಡುವ ಬೇಟೆಯನ್ನೂ ನಿಲ್ಲಿಸಿತು. ಆದುದರಿಂದ ಈ ಹೊತ್ತು ನಾವು ಹೇಳುವ ಯಾವ ಮಾತನ್ನೂ ನಮ್ಮ ಕಾಡುಗಳಿಗೆ ಅನ್ವಯಿಸಿಕೊಳ್ಳಲಾಗದೆಂದು ಮೊದಲಲ್ಲಿಯೇ ವಿಜ್ಞಾಪಿಸಿಕೊಳ್ಳುತ್ತೇವೆ.

ಆದರೆ ಇದೇ ಜಿಂಕೆಯು ಸಮುದ್ರಗಳನ್ನು ದಾಟಿಹೋಗಿ ನೆಲೆಸಿರುವ ನಾಡುಗಳುಂಟು. ಅಲ್ಲಿ ಅದನ್ನು ಹೊಡೆಯುವುದು ಅಪರಾಧವಲ್ಲ; ಹೊಡೆಯದೆ ಬಿಡುವುದೇ ಕೆಲವೊಮ್ಮೆ ಅನರ್ಥಕ್ಕೆ ಕಾರಣವಾಗುವುದು. ಹೊಡೆಯಲೇಬೇಕಾದಲ್ಲಿ ಹೇಗೆ ಹೊಡೆಯಬೇಕು, ಯಾವ ತೋಟಾದಿಂದ ಹೊಡೆಯಬೇಕು ಎಂಬುದೇ ಇಂದಿನ ನಮ್ಮ ವಿಷಯ.

ಮೊದಲು ಈ ಪ್ರಾಣಿಯು ದೇಶಾಂತರಹೋದ ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. ೧೮೬೮ರಲ್ಲಿ ಹವಾಯಿ ದ್ವೀಪಗಳ ದೊರೆಯಾದ ಐದನೆಯ ಕಾಮೇಹಮೇಹನಿಗೆ ಹಾಂಗ್‌ಕಾಂಗಿನಿಂದ ಕೆಲವು ಚುಕ್ಕೆಜಿಂಕೆಗಳು ಕಾಣಿಕೆಯಾಗಿ ಬಂದುವು. ಅವನ್ನು ಮೊಲೊಕಾಯ್ ದ್ವೀಪದಲ್ಲಿ ಬಿಟ್ಟರು. ೧೯೨೦ರಲ್ಲಿ ಲಾನಾಯ್ ದ್ವೀಪಕ್ಕೂ, ೧೯೫೯ರಲ್ಲಿ ಮಾವಿ ದ್ವೀಪಕ್ಕೂ ಅವುಗಳ ಸಂತತಿಯು ಹೋಯಿತು. ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಇವು ಕಾಲಿಟ್ಟುದು ೧೯೩೨ರ ಸುಮಾರಿನಲ್ಲಿ. ಜಮೀನುದಾರರು ಬೇಲಿಯೊಳಗೆ ಸಾಕಿದ್ದ ಜಿಂಕೆಗಳು ಕಾಲಕ್ರಮದಲ್ಲಿ ಹೊರಬಿದ್ದು, ಸುಣ್ಣಕಲ್ಲಿನ ಗುಡ್ಡಗಳೂ ಓಕ್ ಮರಗಳೂ ಜುನಿಪರ್ ಪೊದೆಗಳೂ ತುಂಬಿರುವ ಆ ಎತ್ತರದ ಸೀಮೆಯಲ್ಲಿ ಸ್ವತಂತ್ರವಾಗಿ ವೃದ್ಧಿಹೊಂದಿದುವು.

ಅಲ್ಲಿ ಹುಲಿಯಿಲ್ಲ, ಚಿರತೆಯಿಲ್ಲ, ಸೀಳುನಾಯಿಯಿಲ್ಲ. ನಮ್ಮ ಕಾಡಿನಲ್ಲಿ ಈ ಮೂವರೂ ಹಗಲಿರುಳು ವಸೂಲುಮಾಡುವ ಕಂದಾಯವು ಅಲ್ಲಿ ಬಾಕಿ ಬೀಳುತ್ತದೆ. ಟೆಕ್ಸಾಸಿನ ಸ್ಥಳೀಯ ಬಿಳಿಬಾಲದ ಜಿಂಕೆಯು ಸೊಪ್ಪುಸದೆಗಳನ್ನು ನೆಚ್ಚಿ ಬಾಳತಕ್ಕದ್ದು. ಬರಿಯ ಹುಲ್ಲಿನಿಂದ ಅದಕ್ಕೆ ಪುಷ್ಟಿಯಿಲ್ಲ. ನಮ್ಮ ಚುಕ್ಕೆಜಿಂಕೆಯಾದರೋ ಹುಲ್ಲನ್ನೂ ತಿನ್ನುವುದು, ಸೊಪ್ಪನ್ನೂ ತಿನ್ನುವುದು. ಬರಗಾಲದಲ್ಲಿ ಸೊಪ್ಪನ್ನು ಮೊದಲು ಮುಗಿಸಿ, ಆಮೇಲೆ ಹುಲ್ಲಿನಲ್ಲಿ ಜೀವ ಹಿಡಿಯುವುದು. ಮನೆಯೊಡೆಯನಾದ ಬಿಳಿಬಾಲವು ಹಸಿಯುವುದು. ಹವಾಯಿಯಲ್ಲಿ ಇದಕ್ಕಿಂತಲೂ ಹೆಚ್ಚಿನ ಕೇಡು. ಗೊರಸಿನ ಪ್ರಾಣಿಗಳನ್ನೇ ಕಾಣದೆ ಬೆಳೆದ ಅಲ್ಲಿನ ಗಿಡಮರಗಳಿಗೆ ಆತ್ಮರಕ್ಷಣೆಯ ಮುಳ್ಳು, ಕಹಿಗಳು ಸಾಲವು. ಸಸಿ ಹೋದ ಮೇಲೆ ಮಣ್ಣು ಹೋಗುವುದು. ಮಣ್ಣು ಮಳೆಯಲ್ಲಿ ಕೊಚ್ಚಿ ಸಮುದ್ರ ಸೇರಿ ಹವಳದ ದಿಬ್ಬಗಳ ಮೇಲೆ ಕೂರುವುದು. ಕಡೆಗೆ ಜಿಂಕೆಗೂ ಸುಖವಿಲ್ಲ. ಬರಗಾಲದಲ್ಲಿ ಮೊಲೊಕಾಯಿಯಲ್ಲಿ ಅವು ಮೇವಿಲ್ಲದೆ ದಾರಿಬದಿಯಲ್ಲಿ ಬಿದ್ದು ಸತ್ತ ಕಾರಣ, ೨೦೨೧ರಲ್ಲಿ ಆ ಪ್ರಾಂತದ ಗವರ್ನರು ತುರ್ತು ಘೋಷಣೆಯನ್ನು ಹೊರಡಿಸಬೇಕಾಯಿತು. ಹಸಿವಿನ ಸಾವು ಗುಂಡಿನ ಸಾವಿಗಿಂತ ಮೃದುವಾದುದೆಂದು ಯಾರೂ ಹೇಳಲಾರರು.

ಟೆಕ್ಸಾಸಿನಲ್ಲಿ ಚುಕ್ಕೆಜಿಂಕೆಯು ಪರದೇಶದ ಪ್ರಾಣಿಯೆಂದು ಗಣಿತವಾಗಿದೆ. ಆದುದರಿಂದ ಅದರ ಬೇಟೆಗೆ ನಿಷಿದ್ಧ ಋತುವಾಗಲಿ, ಇಷ್ಟೇ ಹೊಡೆಯಬೇಕೆಂಬ ಮಿತಿಯಾಗಲಿ ಇಲ್ಲ. ಆದರೆ ಬೇಟೆಯ ಪರವಾನಗಿ ಇರಲೇಬೇಕು. ನೆಲದೊಡೆಯನ ಒಪ್ಪಿಗೆಯೂ ಬೇಕು. ೧೯೭೧ನೆಯ ಸೆಪ್ಟೆಂಬರ್ ೨ ಅಥವಾ ಅನಂತರ ಹುಟ್ಟಿದವರಿಗೆ ಬೇಟೆಯ ಶಿಕ್ಷಣವೂ ಅವಶ್ಯಕ. ಎಂಟು ಅಡಿಯ ಬೇಲಿಯೊಳಗೆ ಕೂಡಿಹಾಕಿದ ಮೃಗವನ್ನು ಹೊಡೆಯುವುದು ಒಂದು. ದನಕರುಗಳ ಸಾಧಾರಣ ತಂತಿಬೇಲಿಯ ಕೆಳಗೆ ನುಸುಳಿ ಊರೂರು ಅಲೆಯುವ ಸ್ವತಂತ್ರ ಮೃಗವನ್ನು ಅರಸುವುದು ಇನ್ನೊಂದು. ನಾವು ಹೇಳಹೊರಟಿರುವುದು ಎರಡನೆಯದನ್ನು.

ಈ ಸ್ವತಂತ್ರ ಜಿಂಕೆಯು ಸುಲಭವಾಗಿ ಕೈಗೆ ಸಿಕ್ಕುವುದಲ್ಲ. ಒಂದು ಹಿಂಡಿನಲ್ಲಿ ಇಪ್ಪತ್ತು ತಲೆಗಳಿದ್ದರೆ ನಲವತ್ತು ಕಣ್ಣುಗಳಿರುತ್ತವೆ. ಒಂದು ಹೆಣ್ಣು ಮುಂಗಾಲನ್ನು ನೆಲಕ್ಕೆ ಅಪ್ಪಳಿಸಿ ಒಮ್ಮೆ ಕೂಗಿದರೆ ಸಾಕು, ಎಲ್ಲವೂ ಮಾಯ. ಇವುಗಳಲ್ಲಿ ಕೊಂಬು ಉದುರುವುದಕ್ಕೆ ಗೊತ್ತಾದ ಒಂದು ಕಾಲವಿಲ್ಲ. ಒಂದೇ ಹಿಂಡಿನಲ್ಲಿ ಒಂದು ಗಂಡಿಗೆ ಗಟ್ಟಿಕೊಂಬು, ಇನ್ನೊಂದಕ್ಕೆ ಮಖಮಲ್ಲಿನಂಥ ತೊಗಲು ಹೊದ್ದ ಎಳೆಗೊಂಬು, ಮತ್ತೊಂದಕ್ಕೆ ಬೋಳುತಲೆ. ಬಲಿತ ಗಂಡಿನ ಒಂದೊಂದು ಕೊಂಬಿಗೂ ಮೂರು ಕವಲುಗಳು. ಮೂವತ್ತು ಅಂಗುಲದ ಕೊಂಬಿರುವ ಗಂಡನ್ನು ಶಿಕಾರಿಗಳು ಬಹಳ ಮೆಚ್ಚುವರು. ಆದರೆ ಸಂಖ್ಯೆಯನ್ನು ತಗ್ಗಿಸಬೇಕೆಂಬ ಉದ್ದೇಶವುಳ್ಳವನು ಹೆಣ್ಣನ್ನು ಹೊಡೆಯಬೇಕು. ಕೊಂಬಿನ ಆಸೆಯಿಂದ ಗಂಡನ್ನೇ ಹೊಡೆಯುವವನು ಹಿಂಡನ್ನು ಕಡಿಮೆಮಾಡಿದಂತಾಗದು.

ಇನ್ನು ತೋಟಾದ ವಿಚಾರ. ತೋಟಾ ಎಂದರೆ ಗುಂಡು ಮಾತ್ರವೇ ಅಲ್ಲ. ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕಿಡಿಹುಟ್ಟಿಸುವ ಸಣ್ಣ ಬಟ್ಟಲು, ಒಳಗೆ ಮದ್ದು, ಬಾಯಲ್ಲಿ ಗುಂಡು, ಈ ನಾಲ್ಕೂ ಕೂಡಿದುದೇ ತೋಟಾ. ಗುಂಡಿನ ತೂಕವನ್ನು ಗ್ರೇನ್ ಎಂಬ ಮಾನದಲ್ಲಿ ಹೇಳುವರು. ನಮ್ಮ ಹಳೆಯ ಲೆಕ್ಕದ ಒಂದು ತೊಲಕ್ಕೆ ೧೮೦ ಗ್ರೇನ್ ಎಂಬುದನ್ನು ನೆನಪಿಟ್ಟರೆ ಅಕ್ಕಸಾಲಿಗನ ತಕ್ಕಡಿಯಲ್ಲಿಯೇ ಎಲ್ಲವೂ ತಿಳಿಯುವುದು. ಗುಂಡಿನ ಪೆಟ್ಟಿಗೆ ಎರಡು ಮೂಲಗಳು: ತೂಕ ಮತ್ತು ವೇಗ. ತೂಕ ಇಮ್ಮಡಿಯಾದರೆ ಶಕ್ತಿ ಇಮ್ಮಡಿ; ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ.

ಚುಕ್ಕೆಜಿಂಕೆಯ ಬಲಿತ ಗಂಡು ಟೆಕ್ಸಾಸಿನಲ್ಲಿ ಸಾಮಾನ್ಯವಾಗಿ ೬೫ರಿಂದ ೧೦೦ ಕಿಲೋಗ್ರಾಂ ತೂಗುವುದು. ಹೆಣ್ಣು ಇದಕ್ಕಿಂತ ಹಗುರ. ಇಷ್ಟು ಗಾತ್ರದ ಮೃಗಕ್ಕೆ ಆನೆಯನ್ನು ಕೆಡಹುವ ಕೋವಿ ಬೇಡ. ೧೯೫೫ರಲ್ಲಿ ಬಂದ .೨೪೩ ವಿಂಚೆಸ್ಟರ್ ತೋಟಾವು ೧೦೦ ಗ್ರೇನ್ ಗುಂಡನ್ನು ಸೆಕೆಂಡಿಗೆ ಸುಮಾರು ೨,೯೬೦ ಅಡಿ ವೇಗದಲ್ಲಿ ಕಳುಹಿಸುವುದು. ನಳಿಗೆಯ ಬಾಯಲ್ಲಿ ಅದರ ಶಕ್ತಿ ಸುಮಾರು ೧,೯೫೦ ಅಡಿ-ಪೌಂಡು. ಒದೆತ ಕಡಿಮೆ, ಹೊಸಬರಿಗೆ ಇದು ಹಿತ. ಆದರೆ ಗುಂಡು ಹಗುರವಾದುದರಿಂದ ಓರೆಯಾಗಿ ನಿಂತ ಮೃಗದ ಹೆಗಲೆಲುಬನ್ನು ದಾಟಿಹೋಗುವುದೆಂಬ ಭರವಸೆ ಕಡಿಮೆ. ೨೦೦೭ರಲ್ಲಿ ಬಂದ ೬.೫ ಕ್ರೀಡ್‌ಮೂರ್ ೧೪೦ ಗ್ರೇನ್ ಗುಂಡನ್ನು ಸುಮಾರು ೨,೭೦೦ ಅಡಿ ವೇಗದಲ್ಲಿ ಎಸೆಯುವುದು. ೧೯೨೫ರ .೨೭೦ ವಿಂಚೆಸ್ಟರ್, ೧೯೫೨ರ .೩೦೮ ವಿಂಚೆಸ್ಟರ್ ಇವೆರಡರ ಶಕ್ತಿಯೂ ೨,೬೫೦ರಿಂದ ೨,೭೦೦ ಅಡಿ-ಪೌಂಡಿನ ಆಸುಪಾಸಿನಲ್ಲಿದೆ. ಚುಕ್ಕೆಜಿಂಕೆಗೆ ಇವು ಬೇಕಾದುದಕ್ಕಿಂತ ಮಿಗಿಲೇ ಹೊರತು ಕಡಿಮೆಯಲ್ಲ. ಕಾರ್ಬೆಟ್ ಸಾಹೇಬರು ೧೯೨೬ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಕೊಂದುದು .೨೭೫ ರಿಗ್ಬಿ ಎಂಬ ಹಗುರವಾದ ರೈಫಲಿನಿಂದ. ಅದರ ತೋಟಾವು ಈಗ ಹೇಳಿದವುಗಳ ಸಾಲಿನದೇ.

ತೋಟಾದ ಹೆಸರಿಗಿಂತ ಮುಖ್ಯವಾದುದು ಗುಂಡಿನ ಕಟ್ಟಡ. ಸೈನಿಕರ ಗುಂಡು ಪೂರ್ತಿ ಲೋಹದ ಅಂಗಿ ತೊಟ್ಟುದು. ಅದು ಹಿಗ್ಗದೆ ಸಣ್ಣ ರಂಧ್ರಮಾಡಿ ಹಾದುಹೋಗುವುದು, ಮೃಗವು ಗಾಯಗೊಂಡು ಓಡುವುದು. ಬೇಟೆಯ ಗುಂಡು ಮೂತಿಯಲ್ಲಿ ಮೆತ್ತಗಿದ್ದು, ಒಳಹೊಕ್ಕೊಡನೆ ಅಣಬೆಯಂತೆ ಅರಳಬೇಕು. ಅರಳಿಯೂ ಚೂರಾಗದೆ ಮುಂದಕ್ಕೆ ನುಗ್ಗಬೇಕು. ಸೀಸದ ಗುಂಡಿನ ಸಣ್ಣ ಚೂರುಗಳು ಮಾಂಸದಲ್ಲಿ ಉಳಿಯುವುದುಂಟು. ಬಿಸುಟ ಕರುಳನ್ನು ತಿಂದ ಹದ್ದುಗಳಿಗೆ ಅದು ವಿಷ. ಆ ಕಾರಣದಿಂದ ಕ್ಯಾಲಿಫೋರ್ನಿಯ ಪ್ರಾಂತವು ೨೦೧೯ನೆಯ ಜುಲೈ ೧ರಿಂದ ವನ್ಯಮೃಗಗಳ ಬೇಟೆಗೆ ಸೀಸದ ಗುಂಡನ್ನು ಪೂರ್ತಿಯಾಗಿ ನಿಷೇಧಿಸಿತು. ತಾಮ್ರದ ಗುಂಡುಗಳು ಈಗ ಬೇಕಾದಷ್ಟು ದೊರೆಯುತ್ತವೆ. ಮಾಂಸವನ್ನು ಮನೆಗೊಯ್ಯುವವನು ಅವನ್ನು ಆರಿಸಿಕೊಳ್ಳುವುದು ಲೇಸು.

ಹಾಗಾದರೆ ಎಲ್ಲಕ್ಕಿಂತ ದೊಡ್ಡ ತೋಟಾವನ್ನೇ ಕೊಂಡರೆ ಕ್ಷೇಮವಲ್ಲವೇ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವನ್ನು ನಾವು ಪುಸ್ತಕದಿಂದ ಕಲಿತವರಲ್ಲ.

ಎರಡು ವರುಷಗಳ ಕೆಳಗೆ, ಜೂನ್ ತಿಂಗಳಿನಲ್ಲಿ, ಟೆಕ್ಸಾಸಿನಲ್ಲಿ ನೆಲೆಸಿರುವ ನಮ್ಮ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಅತಿಥಿಗಳಾಗಿದ್ದೆವು. ಅವನು ಬೇಟೆಗೆ ಹೊಸಬ. ಯಾರೋ ಹೇಳಿದರೆಂದು .೩೦೦ ವಿಂಚೆಸ್ಟರ್ ಮ್ಯಾಗ್ನಮ್ ರೈಫಲನ್ನು ಕೊಂಡಿದ್ದನು. ಅದರ ೧೮೦ ಗ್ರೇನ್ ಗುಂಡಿನ ಶಕ್ತಿ ಸುಮಾರು ೩,೫೦೦ ಅಡಿ-ಪೌಂಡು, ಒದೆತವೋ.೨೪೩ರದಕ್ಕೆ ಎರಡರಷ್ಟಕ್ಕೂ ಮಿಗಿಲು. ಭುಜ ನೋಯುವುದೆಂದು ಹತ್ತು ತೋಟಾಗಳಿಗಿಂತ ಹೆಚ್ಚಾಗಿ ಅವನು ಅಭ್ಯಾಸಮಾಡಿರಲಿಲ್ಲ. ಲಾನೋ ನದಿಯ ದಕ್ಷಿಣದ ಕವಲಿನ ಬಳಿ, ಪರಿಚಯದ ಜಮೀನುದಾರರೊಬ್ಬರ ನೆಲದಲ್ಲಿ, ಬೆಳಗಿನ ಜಾವಕ್ಕೆ ಓಕ್ ಮರವೊಂದರ ಬುಡದಲ್ಲಿ ಕುಳಿತೆವು. ಮಾಂಸವನ್ನು ಮುಟ್ಟದ ಮನೆತನದವರಾದ ನಾವು ನೋಡುವ ಕುತೂಹಲದಿಂದ ಮಾತ್ರ ಹೋಗಿದ್ದೆವು.

ಬೆಳಕು ಹರಿಯಿತು. ಹೆಣ್ಣುಗಳು ಬಂದುವು. ಅವುಗಳ ಹಿಂದೆ, ಸುಮಾರು ೧೪೦ ಗಜ ದೂರದಲ್ಲಿ, ಒಂದು ಗಂಡು ಬಂದು ನಿಂತಿತು. ಅದರ ಕೊಂಬುಗಳನ್ನು ನೋಡಿ ನಾವು ಮೈಮರೆತೆವು. ಶಿಷ್ಯನು ಗುರಿಯಿಟ್ಟು, ಇಳಿಸಿ, ಮತ್ತೆ ಗುರಿಯಿಟ್ಟನು. “ಸ್ವಲ್ಪ ಓರೆಯಾಗಿದೆ ಸಾರ್, ತಿರುಗಲಿ” ಎಂದು ಪಿಸುಗುಟ್ಟಿದನು. ಆಗ ನಾವು ಸುಮ್ಮನಿರಬೇಕಾಗಿತ್ತು, ಇರಲಿಲ್ಲ. “ಇನ್ನೇನು ನೋಡುತ್ತೀಯಪ್ಪ, ಹೊಡೆ” ಎಂದುಬಿಟ್ಟೆವು. ಗುರುವಿನ ಮಾತು. ಒದೆತಕ್ಕೆ ಮೊದಲೇ ಹೆದರಿದ ಅವನ ಭುಜವು ಕುದುರೆಯನ್ನು ಎಳೆಯುವ ಮುಂಚೆಯೇ ಸರಿಯಿತು, ಕಣ್ಣು ಮುಚ್ಚಿತು. ಜಿಂಕೆಯು ಬೆನ್ನನ್ನು ಗೂನುಮಾಡಿಕೊಂಡು ನಿಧಾನವಾಗಿ ಪೊದೆಗಳೊಳಗೆ ಹೋಯಿತು. ದೂರದಲ್ಲಿ ಹೆಣ್ಣೊಂದು ಕೂಗಿತು. ಬಂಡೀಪುರದಲ್ಲಿ ನೂರು ಸಲ ಕೇಳಿದ್ದ ಅದೇ ಕೂಗು.

ಜಮೀನುದಾರರು ಬಂದು, ಹುಲ್ಲಿನ ಮೇಲೆ ಬಿದ್ದಿದ್ದ ಕೂದಲನ್ನೂ ಹಸುರುಮಿಶ್ರವಾದ ತೇವವನ್ನೂ ನೋಡಿ, ಗುಂಡು ಹೊಟ್ಟೆಗೆ ಬಿದ್ದಿದೆಯೆಂದರು. ಕೂಡಲೇ ಬೆನ್ನಟ್ಟಿದರೆ ಅದು ಮೈಲಿಗಟ್ಟಲೆ ಹೋಗುವುದು. ಬಿಟ್ಟರೆ ಹತ್ತಿರದಲ್ಲೇ ಮಲಗುವುದು. ಆದುದರಿಂದ ನಾಲ್ಕು ಗಂಟೆಗಳ ಕಾಲ ಕಾದೆವು. ಆ ನಾಲ್ಕು ಗಂಟೆಗಳಲ್ಲಿ ನಮ್ಮಿಬ್ಬರಿಗೂ ಮಾತಿರಲಿಲ್ಲ. ಬಿಸಿಲೇರಿದ ಮೇಲೆ, ಒಣಗಿದ ಹಳ್ಳದ ಮಗ್ಗುಲ ಜುನಿಪರ್ ಪೊದೆಯೊಂದರ ನೆರಳಿನಲ್ಲಿ ಅದು ಸಿಕ್ಕಿತು. ಇನ್ನೂ ಜೀವವಿತ್ತು. ತಲೆಯನ್ನು ಎತ್ತಿಕೊಂಡೇ ಇತ್ತು, ನಮ್ಮನ್ನು ನೋಡಿತು, ಏಳಲಾರದೆ ಹೋಯಿತು. ಎರಡನೆಯ ಗುಂಡಿನಿಂದ ಅದರ ಕಷ್ಟ ಮುಗಿಯಿತು. ಕೊಂಬುಗಳನ್ನು ಅಳೆಯುವುದಕ್ಕೆ ಯಾರಿಗೂ ಮನಸ್ಸಾಗಲಿಲ್ಲ.

೩,೫೦೦ ಅಡಿ-ಪೌಂಡು ಶಕ್ತಿಯು ಒಂದು ಗೇಣಿನ ತಪ್ಪನ್ನು ಸರಿಪಡಿಸಲಿಲ್ಲ. ಮುಂಗಾಲಿನ ಹಿಂದೆ, ಎದೆಯಲ್ಲಿ, ಒಂದು ಚಿಕ್ಕ ತಟ್ಟೆಯಷ್ಟು ಅಗಲದ ಜಾಗದಲ್ಲಿ ಹೃದಯವೂ ಶ್ವಾಸಕೋಶಗಳೂ ಇವೆ. ಅಲ್ಲಿ ಬಿದ್ದ ೧೦೦ ಗ್ರೇನ್ ಗುಂಡು ಮೃಗವನ್ನು ಕ್ಷಣಗಳಲ್ಲಿ ಕೆಡಹುವುದು. ಬೇರೆಡೆ ಬಿದ್ದ ೧೮೦ ಗ್ರೇನ್ ಗುಂಡು ಅದನ್ನು ಗಂಟೆಗಟ್ಟಲೆ ನರಳಿಸುವುದು. ಆದುದರಿಂದ ಯೋಗ್ಯವಾದ ತೋಟಾ ಯಾವುದೆಂದರೆ, ಆ ಮೃಗಕ್ಕೆ ಸಾಲುವಷ್ಟು ಬಲವುಳ್ಳದ್ದು, ಮತ್ತು ಹೊಡೆಯುವವನು ಹೆದರದೆ ನೂರು ಸಲ ಅಭ್ಯಾಸಮಾಡಬಲ್ಲಂಥದು. ಎರಡನೆಯ ಲಕ್ಷಣವಿಲ್ಲದೆ ಮೊದಲನೆಯದು ನಿಷ್ಫಲ.

ಇನ್ನು ದೂರದ ಮಾತು. ೨೦೦ ಗಜಕ್ಕೆ ಗುರಿಯನ್ನು ಹೊಂದಿಸಿದ ಇಂಥ ರೈಫಲುಗಳ ಗುಂಡು ೩೦೦ ಗಜದಲ್ಲಿ ಏಳೆಂಟು ಅಂಗುಲದಷ್ಟು ಕೆಳಗಿಳಿಯುವುದು. ಅಂದರೆ ಆ ತಟ್ಟೆಯ ಹೊರಕ್ಕೆ ಹೋಗಬಹುದು. ಹತ್ತಿರ ಹೋಗಲು ತಾಳ್ಮೆಯಿಲ್ಲದವನು ದೂರದಿಂದ ಹೊಡೆಯಲು ಅರ್ಹನಲ್ಲ. ಮೃಗದ ಹಿಂದೆ ಮಣ್ಣಿನ ದಿಬ್ಬವಿದೆಯೇ, ಇನ್ನೊಂದು ಮೃಗವಿದೆಯೇ, ಮನೆಯಿದೆಯೇ ಎಂದು ನೋಡದೆ ಕುದುರೆಗೆ ಬೆರಳಿಡತಕ್ಕದ್ದಲ್ಲ. ಪಕ್ಕದಲ್ಲಿ ಕುಳಿತು ಅವಸರಪಡಿಸುವವನು ಗುರುವಾದರೂ ಸರಿಯೇ, ಅವನ ಮಾತನ್ನು ಕೇಳತಕ್ಕದ್ದಲ್ಲ.

ನಮ್ಮ ಶಿಷ್ಯನು ಆ ರೈಫಲನ್ನು ಮಾರಿ, ೬.೫ ಕ್ರೀಡ್‌ಮೂರ್ ಕೊಂಡನು. ಒಂದು ವರುಷ ಪೂರ್ತಿ ಗುರಿಹಲಗೆಗೆ ಹೊಡೆದನು. ಆಮೇಲೆ ಬರೆದ ಕಾಗದದಲ್ಲಿ ಇಷ್ಟೇ ಇತ್ತು: “ಸಾರ್, ಈ ಸಲ ಹೆಣ್ಣನ್ನು ಹೊಡೆದೆ. ತಿರುಗುವವರೆಗೆ ಕಾದೆ. ನಲವತ್ತು ಹೆಜ್ಜೆ ಹೋಗಿ ಬಿತ್ತು.” ನಾವು ಆ ಕಾಗದವನ್ನು ಇಟ್ಟುಕೊಂಡಿರುವೆವು.

ಬಂಡೀಪುರದಲ್ಲಿ ಹಿಂದೆ ವೇಣುಗೋಪಾಲ ವನ್ಯಮೃಗ ಉದ್ಯಾನವು ಏರ್ಪಟ್ಟಿತು. ೧೯೭೩ರಲ್ಲಿ ಆ ಕಾಡು ಹುಲಿಯ ರಕ್ಷಣೆಯ ಯೋಜನೆಗೆ ಸೇರಿತು. ಅಲ್ಲಿ ಜಿಂಕೆಯ ಲೆಕ್ಕವನ್ನು ಇಡುವ ಕೆಲಸವು ಹುಲಿಯದು, ಸೀಳುನಾಯಿಯದು. ನಮಗೆ ಅಲ್ಲಿ ಕೆಲಸವಿಲ್ಲ. ಹುಲಿಯಿಲ್ಲದ ನಾಡಿಗೆ ಜಿಂಕೆಯನ್ನು ಒಯ್ದವನು ಮನುಷ್ಯ. ಆದುದರಿಂದ ಅಲ್ಲಿ ಹುಲಿಯ ಹೊಣೆಯೂ ಮನುಷ್ಯನ ಮೇಲೆಯೇ ಬಿದ್ದಿದೆ. ಆ ಹೊಣೆಯನ್ನು ಹೊರುವವನು ಕೈಯನ್ನು ಪಳಗಿಸಿಕೊಂಡು ಹೊರಲಿ ಎಂಬುದೇ ನಮ್ಮ ಪ್ರಾರ್ಥನೆ.

ಮುಂದಿನ ಸಲ ತಾವು ಆ ಮಾರ್ಗವಾಗಿ ಹೋಗುವಾಗ ಚುಕ್ಕೆಜಿಂಕೆಯು ತಲೆಯೆತ್ತಿ ತಮ್ಮನ್ನು ನೋಡಿದರೆ, ಮೋಟಾರನ್ನು ಸ್ವಲ್ಪ ನಿಧಾನಮಾಡಿ.