ಬಗೆಗೊಂದು ನಾಣ್ಯ



ಈ ಶಾಲೆಯ ಗೇಟಿನ ಮುಂದೆ ಐದು ಪೈಸೆಗೆ ಪೆಪ್ಪರಮೆಂಟು ಕೊಂಡು ತಿಂದವನು ನಾನು. ಆ ಚೌಕ ನಾಣ್ಯ, ಆರು ಮೂಲೆಯ ಮೂರು ಪೈಸೆ, ಅಲೆಯಂಚಿನ ಹತ್ತು ಪೈಸೆ ಇಂದಿನ ಮಕ್ಕಳು ಕಂಡಿಲ್ಲ. ಅವರಿಗೆ ಹೊಸದರಂತೆಯೇ ತೋರಿಸಬೇಕೆಂದು ಪ್ರೂಫ್ ನಾಣ್ಯ ಕೂಡಿಸಲು ಹೊರಟೆ.

ಪ್ರೂಫ್ ನಾಣ್ಯ ಚಲಾವಣೆಗಲ್ಲ. ಸಂಗ್ರಹಕಾರರಿಗೆಂದೇ ಟಂಕಸಾಲೆ ಮಾಡುವುದು. ಹೊಳಪು ಕೊಟ್ಟ ಬಿಲ್ಲೆಯನ್ನು ಹೊಳಪು ಕೊಟ್ಟ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಅಕ್ಷರದ ಅಂಚು ಚೂಪಾಗಿ, ಹಿನ್ನೆಲೆ ಕನ್ನಡಿಯಂತೆ ಬರುತ್ತದೆ.

ಮೊದಲ ಸಲ ಮೋಸಹೋದೆ. ಪ್ರೂಫ್ ಎಂದು ದುಡ್ಡು ಸುರಿದು ತಂದದ್ದು ಉಜ್ಜಿದ ಮಾಮೂಲಿ ನಾಣ್ಯ. ಭೂತಗನ್ನಡಿ ಹಿಡಿದರೆ ಮೈತುಂಬ ಗೀರು, ಅಕ್ಷರಗಳು ಮೊಂಡು. ಅಂದಿನಿಂದ ಭೂತಗನ್ನಡಿ ಜೇಬಿನಲ್ಲೇ ಇದೆ.

ಆಮೇಲೆ ದಾರಿ ತಿಳಿಯಿತು. ಎಲ್ಲ ಇಸವಿಯೂ ಬೇಕಿಲ್ಲ. ಬಗೆಗೊಂದಿದ್ದರೆ ಟೈಪ್ ಸೆಟ್ ಆಯಿತು. ಆದ್ದರಿಂದ ಅಗ್ಗಕ್ಕೆ ಸಿಗುವ ಇಸವಿಯದನ್ನೇ ಆರಿಸಿದೆ. ಇಡೀ ಸೆಟ್ ಕೊಳ್ಳದೆ, ಒಡೆದ ಸೆಟ್ಟಿನ ಬಿಡಿ ಅಲ್ಯೂಮಿನಿಯಂ ಪೈಸೆಗಳನ್ನು ಹುಡುಕಿದೆ. 1969ರ ಗಾಂಧಿ ಶತಾಬ್ದಿಯ ಬೆಳ್ಳಿಯ ಹತ್ತು ರೂಪಾಯಿ ಕೈಗೆ ಎಟುಕಲಿಲ್ಲ. ಆದರೆ ಗಾಂಧೀಜಿಯ ಮುಖ ಆ ವರ್ಷದ 20 ಪೈಸೆಯಲ್ಲೂ ಇದೆ. ಅದನ್ನೇ ಕೊಂಡೆ. 1950ರ ಆಣೆಗಳ ಜಾಗ ಇನ್ನೂ ಖಾಲಿ.

ಆ ಪೆಟ್ಟಿಗೆಯನ್ನು ಇಂದು ಶಾಲೆಗೆ ಒಪ್ಪಿಸುತ್ತಿದ್ದೇನೆ. ಮಕ್ಕಳೇ, ಅಂಚು ಹಿಡಿದು ನೋಡಿ, ಎಂದೂ ಉಜ್ಜಬೇಡಿ. ಖಾಲಿ ಜಾಗ ತುಂಬುವ ಕೆಲಸ ನಿಮ್ಮದು.